ಸ್ವರ ಬದಲಿಸೋ ಮುಂಚೆ ಷರತ್ತು ಬರೆದುಕೊಳ್ಳಿ

ನೀವು ಕಲ್ಪಿಸಿ ಕಟ್ತಿರೋ ಹೊಸ ಭಾಷೆಯ ಸ್ವರ ಬದಲಾವಣೆಗಳ ಪಟ್ಟಿ ನೋಡಿದೆ: ಅ > ಎ, ಎ > ಇ, ಒ > ಉ, ಎಲ್ಲ ಪದಕ್ಕೂ. ಯಾವ ಅಕ್ಷರದ ಪಕ್ಕ ಬದಲಾಗಬೇಕು ಅನ್ನೋ ಷರತ್ತೇ ಇಲ್ಲ. ಷರತ್ತಿಲ್ಲದ ಬದಲಾವಣೆಯೂ ಉಂಟು, ಆದ್ರೆ ಇಡೀ ಪಟ್ಟಿ ಹೀಗೇ ಇದ್ರೆ ಅದು ಗುಪ್ತಲಿಪಿ ಥರ ಕಾಣುತ್ತೆ ಮಾರಾಯ್ರೇ. ಜೊತೆಗೆ, ಪದಪಟ್ಟಿಗೆ ಇಂಥ ನಿಯಮ ಹಾಕಿ ಹೊಸ ರೂಪ ಕೊಡೋ ತಂತ್ರಾಂಶ ಎಸ್‌ಸಿಎ 2 ನಿಯಮಗಳನ್ನ ಮೇಲಿಂದ ಕೆಳಕ್ಕೆ ಒಂದೊಂದಾಗಿ ಓಡಿಸುತ್ತೆ. ನಿಮ್ಮ ಕ್ರಮದಲ್ಲಿ ಅ ಮೊದಲು ಎ ಆಗಿ, ಮುಂದಿನ ಸಾಲಲ್ಲೇ ಇ ಆಗುತ್ತೆ. ಅ, ಎ, ಇ ಮೂರೂ ಸೇರಿ ಒಂದೇ ಸ್ವರ. ಒಂದು ಸ್ವರ ಇನ್ನೊಂದರ ಜಾಗಕ್ಕೆ ಸರಿಯೋ ಸರಪಳಿಯೇ ಬೇಕಿದ್ರೆ ತಲೆಯಿಂದ ಶುರು ಮಾಡಿ: ಮೊದಲು ಇ ಜಾಗ ಖಾಲಿ ಮಾಡಲಿ, ಆಮೇಲೆ ಎ > ಇ, ಕೊನೆಗೆ ಅ > ಎ.

ಮಾದರಿಗೆ ಫಿನ್ನಿಶ್ ಹಿಂದೆ ಯಾಕೆ ಓಡ್ತೀರೋ, ಕನ್ನಡವೇ ಇದೆ. ತೆಲುಗಿನ ಚೆವಿ, ತಮಿಳಿನ ಸೆವಿ ನಮ್ಮಲ್ಲಿ ಕಿವಿ. ಮುಂದಿನ ಅಕ್ಷರದ ಇ ಹಿಂದಿನ ಎ-ಯನ್ನ ಮೇಲಕ್ಕೆಳೆದಿದೆ. ಬಿಳಿ ಕೂಡ ಹಾಗೇ. ಆದರೆ ಅದೇ ಮೂಲದ ಬೆಳಕಿನಲ್ಲಿ ಮುಂದಿರೋದು ಅ, ಬೆಳ್ಳಿಯಲ್ಲಿ ನಡುವೆ ಒತ್ತಕ್ಷರ, ಎರಡರಲ್ಲೂ ಎ ಉಳಿದಿದೆ. ಕೇಳಿ, ಕೋಳಿಗಳ ದೀರ್ಘ ಸ್ವರವೂ ಅಲುಗಿಲ್ಲ. ನೈಜ ನಿಯಮ ಎಷ್ಟೋ ಸಲ ಇಷ್ಟು ಇಕ್ಕಟ್ಟಾಗಿರುತ್ತೆ.

ಇದನ್ನೇ ನಿಮ್ಮ ಭಾಷೆಗೆ ಹಾಕಿ. ಏಕವಚನ ಮೆಪ, ಬಹುವಚನ ಮೆಪಿ, ಬೇರೆ ಪದ ಮೆಪ್ಪಿ ಅಂತಿಟ್ಟುಕೊಳ್ಳಿ. ಮೊದಲ ಹಂತ: ಒಂಟಿ ವ್ಯಂಜನ ದಾಟಿ ಇ, ಉ ಇದ್ದರೆ ಎ > ಇ. ಬರೋದು ಮೆಪ, ಮಿಪಿ, ಮೆಪ್ಪಿ. ಎರಡನೇದು: ಒತ್ತು ಬಿಡಿಸಿ, ಮೆಪ್ಪಿ > ಮೆಪಿ. ಮೂರನೇದು: ಕೊನೆಯ ಹ್ರಸ್ವ ಸ್ವರ ಉದುರಿಸಿ. ಈಗ ಮೆಪ್, ಮಿಪ್, ಮೆಪ್. ಬಹುವಚನ ಒಳಗಿನ ಸ್ವರದಲ್ಲೇ ಕೂತಿತು, ಅದಕ್ಕೆ ಕಾರಣವಾದ ಇ ಮಾಯ. ಇಂಗ್ಲಿಷಿನ ಫುಟ್–ಫೀಟ್ ಹುಟ್ಟಿದ್ದೂ ಹೀಗೇ. ಒತ್ತು ಬಿಡಿಸೋದನ್ನ ಮೊದಲಿಗಿಟ್ಟರೆ ಮೂರನೇ ಪದವೂ ಮಿಪ್ ಆಗುತ್ತೆ. ಎರಡೂ ಕ್ರಮ ಓಡಿಸಿ ನೋಡಿ, ಆಮೇಲೆ ಆರಿಸಿ. ಎರಡು ಪದ ಒಂದೇ ಆಯ್ತು ಅಂತ ಗಾಬರಿಯಾಗಿ ಸ್ವರ ತಿದ್ದಬೇಡಿ, ಒಂದಕ್ಕೆ ಪ್ರತ್ಯಯ ಅಂಟಿಸಿ ಅಥವಾ ಬಳಕೆಯಿಂದ ಬಿಡಿ.

ಅಪವಾದ ಬೇಕಾ? ಲಾಟರಿ ಎತ್ತಿ ಹಾಕಬೇಡಿ, ರೂಪಾವಳಿಯಿಂದ, ಅಂದ್ರೆ ಒಂದೇ ಪದದ ಬೇರೆ ಬೇರೆ ರೂಪಗಳಿಂದ ತನ್ನಿ. ಇದೇ ಸೆಳೆತಕ್ಕೆ ಹಳಗನ್ನಡದಲ್ಲಿ ಕುಡು, ಕಿಡು ಅಂತಿದ್ದವು ಕೊಟ್ಟ, ಕೆಟ್ಟ ರೂಪಗಳ ಸಹವಾಸಕ್ಕೆ ಕೊಡು, ಕೆಡು ಆದವು. ಕಿವಿಗೆ ಅಂಥ ಜೊತೆ ಇರಲಿಲ್ಲ, ಹಾಗೇ ಉಳೀತು. ಅಂದ್ರೆ ಕ್ರಿಯಾಪದಗಳಲ್ಲಿ ಸರಿಪಡಿಸಿ, ಒಂಟಿ ನಾಮಪದಗಳನ್ನ ಮುಟ್ಟಬೇಡಿ.

ಉಪಕರಣದ ವಿಷಯ: ಐವತ್ತು ಪದಕ್ಕೆ, ಐದಾರು ನಿಯಮಕ್ಕೆ ಎಸ್‌ಸಿಎ 2 ಸಾಕು. ಅಕ್ಷರ ವಿಭಜನೆ, ಉಚ್ಚಾರಣೆಯ ಒತ್ತು (ಸ್ಟ್ರೆಸ್) ಎಲ್ಲ ಬಂದ ಮೇಲೆ ಲೆಕ್ಸರ್ಜಿ ಅನ್ನೋ ಇನ್ನೊಂದು ತಂತ್ರಾಂಶಕ್ಕೆ ಹೋಗಿ. ಕಲಿಯೋಕೆ ತಲೆನೋವು, ಆದ್ರೆ ಒಂದು ನಿಯಮದೊಳಗಿನ ಸಾಲುಗಳನ್ನ ಒಟ್ಟಿಗೇ ಅನ್ವಯಿಸುತ್ತೆ, ಮೇಲಿನ ಸರಪಳಿ ರಗಳೆ ಅಲ್ಲಿಲ್ಲ. ಎಕ್ಸೆಲ್‌ನಲ್ಲಿ ಫೈಂಡ್–ರಿಪ್ಲೇಸ್ ಮಾಡೋರಿಗೆ ನನ್ನ ಹತ್ರ ಔಷಧಿ ಇಲ್ಲ.

ಸ್ವರದ ಮೇಲೆ ವ್ಯಂಜನದ ಪ್ರಭಾವವನ್ನೂ ಮರೀಬೇಡಿ. ನಮ್ಮ ಹೆಣ್ಣು ತುಳುವಿನಲ್ಲಿ ಪೊಣ್ಣು: ಹಿಂದೆ ತುಟಿಯ ಪ, ಮುಂದೆ ಮೂರ್ಧನ್ಯ ಣ, ನಡುವಿನ ಎ ದುಂಡಗಾಗಿ ಒ ಆಯ್ತು. ಹುಡುಗ > ಹುಡ್ಗ, ಎರಡು > ಎರ್ಡು ಥರ ನಡುಸ್ವರ ಬೀಳಿಸೋದಾದ್ರೆ ಅದನ್ನ ಈ ಎಲ್ಲ ನಿಯಮಗಳ ಕೆಳಗಿಡಿ. ಮೇಲಿಟ್ಟರೆ ಎಳೆಯಬೇಕಾದ ಸ್ವರವೇ ಇರಲ್ಲ, ನಿಮ್ಮ ಎ > ಇ ಸಾಲು ಖಾಲಿ ಓಡುತ್ತೆ.