ಗ್ಯಾರಂಟಿಯ ಲೆಕ್ಕದಲ್ಲಿ ನೋಡಬೇಕಾದ ಸಾಲು

ಹರಿಹರದ ಓದುಗರೊಬ್ಬರ ಪತ್ರದ ಸಾರ: ‘ರಾಜ್ಯ ಸಾಲದಲ್ಲಿ ಮುಳುಗುತ್ತಿದೆ ಎಂದು ನಿಮ್ಮ ಪತ್ರಿಕೆ ಬರೆಯುತ್ತದೆ. ವಿತ್ತೀಯ ಕೊರತೆ ಶೇ 3ರೊಳಗೆ, ಸಾಲ ಶೇ 25ರೊಳಗೆ ಇದೆ, ಕಾನೂನಿನ ಗೆರೆ ದಾಟಿಲ್ಲ ಎಂದು ಮುಖ್ಯಮಂತ್ರಿಗಳು ಹೇಳುತ್ತಾರೆ. ಇಬ್ಬರಲ್ಲಿ ಯಾರನ್ನು ನಂಬಲಿ? ನನ್ನ ಸೊಸೆಗೆ ತಿಂಗಳಿಗೆ ಬರುವ ಎರಡು ಸಾವಿರ ನಿಂತರೆ ನಿಮಗೆ ಸಮಾಧಾನವೇ?’

ಮಾನ್ಯರೇ,

ಮುಖ್ಯಮಂತ್ರಿಗಳು ಹೇಳುವ ಎರಡೂ ಅಂಕಿ ನಿಜ. 2025-26ರ ಬಜೆಟ್ಟಿನಲ್ಲಿ ವಿತ್ತೀಯ ಕೊರತೆ (ಸಾಲ ಬಿಟ್ಟು ಬರುವ ಹಣಕ್ಕಿಂತ ಖರ್ಚು ಎಷ್ಟು ಹೆಚ್ಚೋ ಅಷ್ಟು) 90,428 ಕೋಟಿ, ಅಂದರೆ ರಾಜ್ಯದ ಒಟ್ಟು ಆಂತರಿಕ ಉತ್ಪನ್ನದ ಶೇ 2.95. ಒಟ್ಟು ಹೊಣೆಗಾರಿಕೆ, ಅಂದರೆ ಸಾಲ, 7,64,655 ಕೋಟಿ, ಶೇ 24.91. ಗೆರೆ ದಾಟಿಲ್ಲ. ಆದರೆ ಈ ಗೆರೆಗಳನ್ನು ಎಳೆದ ಕಾಯ್ದೆಯಲ್ಲಿ ಮೂರನೆಯ ಗೆರೆಯೊಂದಿದೆ: ರಾಜಸ್ವ ಕೊರತೆ ಇರಬಾರದು. ಅದನ್ನು ದಾಟಿ ಆಗಿದೆ. ವೇದಿಕೆಗಳ ಮೇಲೆ ಅದರ ಮಾತು ಬರುವುದು ಅಪರೂಪ.

ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಬಂದದ್ದು 2002ರಲ್ಲಿ, ಎಸ್.ಎಂ. ಕೃಷ್ಣ ಅವರ ಸರ್ಕಾರದ ಕಾಲದಲ್ಲಿ. ದೇಶದಲ್ಲಿ ಇಂಥ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. ಅದರ ಮೊದಲ ಗುರಿ ರಾಜಸ್ವ ಕೊರತೆಯನ್ನು ಸೊನ್ನೆಗೆ ತರುವುದಾಗಿತ್ತು. ತೆರಿಗೆ, ಶುಲ್ಕ, ಕೇಂದ್ರದ ಪಾಲು ಸೇರಿ ವರ್ಷಕ್ಕೆ ಬರುವ ಹಣದಲ್ಲೇ ಆ ವರ್ಷದ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ ಎಲ್ಲ ಮುಗಿಯಬೇಕು, ಸಾಲ ಮಾಡಿದರೆ ಅದು ಕೆರೆ, ರಸ್ತೆ, ಆಸ್ಪತ್ರೆ ಕಟ್ಟಡಕ್ಕೆ ಹೋಗಬೇಕು ಎಂಬುದು ಅದರ ತಾತ್ಪರ್ಯ. 2004-05ರಲ್ಲಿ ರಾಜ್ಯ ಆ ಗುರಿ ಮುಟ್ಟಿತು. ಅಲ್ಲಿಂದ 2019-20ರವರೆಗೆ, ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಯಾರೇ ಕುರ್ಚಿಯಲ್ಲಿದ್ದರೂ, ರಾಜಸ್ವ ಹೆಚ್ಚುವರಿ ಉಳಿಯುತ್ತ ಬಂತು. ಸಿದ್ದರಾಮಯ್ಯನವರ 2013-18ರ ಮೊದಲ ಅವಧಿಯೂ ಅದರಲ್ಲೇ ಸೇರಿದೆ. 2013ರ ಜುಲೈಯಲ್ಲಿ ಕೆ.ಜಿ.ಗೆ ಒಂದು ರೂಪಾಯಿಯ ಅನ್ನಭಾಗ್ಯ ಆರಂಭಿಸಿದವರೂ ಅವರೇ. ಬಡವರಿಗೆ ಅಕ್ಕಿ ಕೊಟ್ಟೂ ಲೆಕ್ಕ ಸರಿದೂಗಿಸಬಹುದು ಎಂದು ಅವರ ಆ ಬಜೆಟ್ಟುಗಳೇ ತೋರಿಸಿವೆ. ಹಾಗಾಗಿ ಅವರು ಮಂಡಿಸಿದ 2025-26ರ ಬಜೆಟ್ಟನ್ನು ನಾವು ಅಳೆಯುತ್ತಿರುವುದು ಅವರೇ ಪಾಲಿಸಿದ್ದ ಅಳತೆಗೋಲಿನಿಂದ.

ಈಗ 2025-26ರ ಲೆಕ್ಕವನ್ನು ಬಿಡಿಸಿ ನೋಡಿ. ಒಂದು ಹಾಳೆ ತೆಗೆದುಕೊಂಡು ನೀವೇ ಬರೆದುಕೊಂಡರೆ ಇನ್ನೂ ಒಳ್ಳೆಯದು. ರಾಜಸ್ವ ಸ್ವೀಕೃತಿ 2,92,477 ಕೋಟಿ. ರಾಜಸ್ವ ವೆಚ್ಚ 3,11,739 ಕೋಟಿ. ಕಳೆದರೆ 19,262 ಕೋಟಿ ಕೊರತೆ. ರಸ್ತೆ, ಕಟ್ಟಡದಂಥ ಕೆಲಸಗಳ ಬಂಡವಾಳ ವೆಚ್ಚ 71,336 ಕೋಟಿ. ಹಳೆಯ ಸಾಲದ ಅಸಲು ತೀರಿಸಲು 26,474 ಕೋಟಿ. ವೆಚ್ಚದ ಈ ಮೂರನ್ನೂ ಕೂಡಿದರೆ 4,09,549 ಕೋಟಿ. ಬಜೆಟ್ ಗಾತ್ರ ಎಂದು ಪತ್ರಿಕೆಗಳಲ್ಲಿ ಬಂದದ್ದು ಈ ಮೊತ್ತ. ಹೊಸ ಸಾಲ 1,16,000 ಕೋಟಿ. ಇದರಲ್ಲಿ ಹಳೆಯ ಅಸಲಿಗೆ 26,474, ಬಂಡವಾಳ ಕೆಲಸಗಳಿಗೆ 71,336 ತೆಗೆದಿಟ್ಟರೂ 18,190 ಕೋಟಿ ಮಿಗುತ್ತದೆ. ಅದು ಹೋಗುವುದು ದಿನನಿತ್ಯದ ಖರ್ಚಿಗೆ. ಈ ಹಣ ಕಟ್ಟಡವಾಗುವುದಿಲ್ಲ, ನೀರಾವರಿಯಾಗುವುದಿಲ್ಲ, ಮುಂದೆ ತೆರಿಗೆಯನ್ನೂ ತರುವುದಿಲ್ಲ. ಬಡ್ಡಿ ಮಾತ್ರ ಮುಂದಿನ ಪ್ರತಿ ಬಜೆಟ್ಟಿನ ರಾಜಸ್ವ ವೆಚ್ಚಕ್ಕೆ ಸೇರಿಕೊಳ್ಳುತ್ತದೆ. ಇಂದು ಶಾಲೆಯಲ್ಲಿರುವ ಮಕ್ಕಳು ಅದನ್ನು ಕಟ್ಟುತ್ತಾರೆ. ನಮ್ಮ ಆಕ್ಷೇಪದ ತಿರುಳು ಇದು.

ಇದಕ್ಕೆ ಗ್ಯಾರಂಟಿಗಳೇ ಕಾರಣವೇ? ಐದಕ್ಕೂ ಸೇರಿ ಆ ವರ್ಷ ಇಟ್ಟದ್ದು 51,034 ಕೋಟಿ: ಗೃಹಲಕ್ಷ್ಮಿಗೆ 28,608, ಗೃಹಜ್ಯೋತಿಗೆ 10,100, ಅನ್ನಭಾಗ್ಯಕ್ಕೆ 6,426, ಶಕ್ತಿಗೆ 5,300, ಯುವನಿಧಿಗೆ 600. ದೊಡ್ಡ ಮೊತ್ತವೇ. ಆದರೆ 2024ರ ಆಗಸ್ಟಿನಿಂದ ಜಾರಿಯಾದ ಏಳನೇ ವೇತನ ಆಯೋಗದ ಹೊರೆ ವರ್ಷಕ್ಕೆ 20,208 ಕೋಟಿ ಎಂದು ಸರ್ಕಾರವೇ ಹೇಳಿತ್ತು. ರಾಜಸ್ವ ಕೊರತೆಗಿಂತ ಅದೇ ತುಸು ಹೆಚ್ಚು! ಗ್ಯಾರಂಟಿಯನ್ನು ಬೈಯುವವರು ವೇತನದ ಮಾತು ಬಂದಾಗ ಸುಮ್ಮನಾಗುವುದು ನ್ಯಾಯವಲ್ಲ. ಎರಡಕ್ಕೂ ಹಣದ ಮೂಲ ಮೊದಲು ಹುಡುಕಿರಲಿಲ್ಲ.

ಕೇಂದ್ರದ ಪಾಲು ಕಡಿಮೆಯಾಯಿತು ಎಂಬ ಸರ್ಕಾರದ ದೂರಿನಲ್ಲೂ ಹುರುಳಿದೆ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ 14ನೇ ಹಣಕಾಸು ಆಯೋಗ ಕೊಟ್ಟಿದ್ದ ಶೇ 4.713ರ ನಮ್ಮ ಪಾಲು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. ಈ ನಷ್ಟದ ವಿರುದ್ಧ ದನಿ ಎತ್ತಲೇಬೇಕು. ಆದರೆ ಆ ಇಳಿಕೆ 2023ರ ಚುನಾವಣೆಗೂ ಮೊದಲೇ ಗೊತ್ತಿತ್ತು. ವರಮಾನ ಕುಗ್ಗಿದೆ ಎಂದು ತಿಳಿದೂ ಹೊಸ ಖರ್ಚಿಗೆ ಮಾತು ಕೊಟ್ಟದ್ದು ತಪ್ಪು ಎಂದೇ ನಮ್ಮ ಅಭಿಪ್ರಾಯ.

ಶೇ 2.95 ಎಂಬುದು ನೆಮ್ಮದಿಯ ಅಂಕಿಯೂ ಅಲ್ಲ. ಶೇ 3ಕ್ಕೆ ಉಳಿದಿರುವ ಅಂತರ ಸುಮಾರು ಒಂದೂವರೆ ಸಾವಿರ ಕೋಟಿ. ಗೃಹಲಕ್ಷ್ಮಿಯ ಒಂದೇ ತಿಂಗಳ ಕಂತಿಗೆ 2,384 ಕೋಟಿ ಬೇಕು. ನೋಂದಣಿ ಮುದ್ರಾಂಕದಿಂದಲೋ ಅಬಕಾರಿಯಿಂದಲೋ ಅಂದಾಜಿಗಿಂತ ಸ್ವಲ್ಪ ಕಡಿಮೆ ಬಂದರೆ ಈ ಅಂತರ ಮಾಯವಾಗುತ್ತದೆ. ಆಗ ಹಣಕಾಸು ಇಲಾಖೆ ಏನು ಮಾಡುತ್ತದೆ? ಸಂಬಳ, ಪಿಂಚಣಿ, ಬಡ್ಡಿ ನಿಲ್ಲಿಸುವಂತಿಲ್ಲ. ಮೊದಲು ಮುಂದೂಡುವುದು ಕಾಮಗಾರಿಯನ್ನು. ಗುತ್ತಿಗೆದಾರರ ಬಿಲ್ಲು ಬಾಕಿ ಬೀಳುತ್ತದೆ, ಅವರು ಜಲ್ಲಿ ಹಾಕಿ ಡಾಂಬರು ಹಾಕದೆ ಹೋಗುತ್ತಾರೆ. ಗೃಹಲಕ್ಷ್ಮಿಯ ಕಂತುಗಳೇ ತಿಂಗಳುಗಟ್ಟಲೆ ತಡವಾದದ್ದನ್ನು ನಿಮ್ಮ ಮನೆಯಲ್ಲೂ ಕಂಡಿರುತ್ತೀರಿ. ಅದೂ ಸಾಲದಿದ್ದರೆ ಹೊರೆ ನಿಗಮಗಳ ಹೆಗಲಿಗೆ ಜಾರುತ್ತದೆ.

ಶಕ್ತಿ ಯೋಜನೆಯನ್ನೇ ನೋಡಿ. ಮಹಿಳೆಗೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿಯುತ್ತಾರೆ. ಆ ಟಿಕೆಟ್ಟಿನ ಮೌಲ್ಯವನ್ನು ಕೂಡಿಸಿ ನಿಗಮ ಸರ್ಕಾರಕ್ಕೆ ಬಿಲ್ಲು ಕಳಿಸುತ್ತದೆ. ಹಣ ತಡವಾಗಿ ಅಥವಾ ಕಡಿಮೆ ಬಂದರೆ ಡೀಸೆಲ್ಲಿಗೂ ನೌಕರರ ಭವಿಷ್ಯನಿಧಿಗೂ ಬಾಕಿ ಬೆಳೆಯುತ್ತದೆ. 2025ರ ಜನವರಿಯಲ್ಲಿ ಇಂಥ ಬಾಕಿ ತೀರಿಸಲೆಂದು ನಾಲ್ಕು ಸಾರಿಗೆ ನಿಗಮಗಳು 2,000 ಕೋಟಿ ಸಾಲ ಪಡೆಯಲು ಸಂಪುಟ ಒಪ್ಪಿತು. ಅದೇ ತಿಂಗಳು ಬಸ್ ದರ ಶೇ 15 ಏರಿತು. ಏರಿದ ದರ ಕೊಡುವವರು ಟಿಕೆಟ್ ಕೊಳ್ಳುವ ಗಂಡಸರು. ಅದೇ ವರ್ಷದ ಏಪ್ರಿಲ್ 1ರಿಂದ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 21.17ಕ್ಕೆ ಏರಿ ಲೀಟರಿಗೆ ಎರಡು ರೂಪಾಯಿ ಹೆಚ್ಚಾಯಿತು. ಅದು ತರಕಾರಿಯ ಬೆಲೆಯಲ್ಲಿ ಎಲ್ಲರನ್ನೂ ಮುಟ್ಟುತ್ತದೆ, ನಿಮ್ಮ ಸೊಸೆಯನ್ನೂ. (ಅಂದೇ ನಂದಿನಿ ಹಾಲಿಗೆ ನಾಲ್ಕು ರೂಪಾಯಿ ಏರಿದ್ದನ್ನು ಕೆಲವರು ಇದೇ ಪಟ್ಟಿಗೆ ಸೇರಿಸುತ್ತಾರೆ. ಸೇರಿಸಬಾರದು. ಅದು ತೆರಿಗೆಯಲ್ಲ, ಹಾಲು ಹಾಕುವ ರೈತರಿಗಾಗಿ ಎಂದು ಮಾಡಿದ ಏರಿಕೆ.)

ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಬೇರೆಯದೇ ಒಂದು ಲೆಕ್ಕ. ಪರಿಶಿಷ್ಟ ಜಾತಿ, ಪಂಗಡಗಳ ಜನಸಂಖ್ಯೆಗೆ ತಕ್ಕ ಹಣ ಮೀಸಲಿಡಬೇಕೆಂದು 2013ರ ಕಾಯ್ದೆ ಹೇಳುತ್ತದೆ. 2024-25ರಲ್ಲಿ ಹಾಗೆ ಮೀಸಲಾದ 39,121 ಕೋಟಿಯಲ್ಲಿ ಸುಮಾರು 14,000 ಕೋಟಿಯನ್ನು ಗ್ಯಾರಂಟಿಗಳಿಗೆ ತೋರಿಸಲಾಯಿತು. ಫಲಾನುಭವಿಗಳಲ್ಲಿ ಆ ಸಮುದಾಯದವರೂ ಇದ್ದಾರೆ ಎಂಬುದು ಸಮರ್ಥನೆ. ಆದರೆ ಎಲ್ಲರಿಗೂ ಸಿಗುವ ಎರಡು ಸಾವಿರವನ್ನೇ ದಲಿತ ಮಹಿಳೆಯ ವಿಶೇಷ ಪಾಲು ಎಂದು ಬರೆದರೆ, ಅವಳ ಮಗನ ಹಾಸ್ಟೆಲ್ಲಿಗೋ ಗಂಡನ ಕೊಳವೆಬಾವಿಗೋ ಸಿಗಬೇಕಿದ್ದ ಹಣ ಅಷ್ಟರಮಟ್ಟಿಗೆ ಕಡಿಮೆಯಾಯಿತು.

ಇನ್ನು ನಮ್ಮ ಪಾಳಯದವರಿಗೂ ಒಂದು ಮಾತು. ಕೋವಿಡ್ ವರ್ಷದಲ್ಲಿ ವಿತ್ತೀಯ ಕೊರತೆಯ ಮಿತಿಯನ್ನು ಶೇ 5ಕ್ಕೆ ಸಡಿಲಿಸಿದ್ದು ಬಿಜೆಪಿ ಸರ್ಕಾರ. ಆ ಸಂಕಟದಲ್ಲಿ ಅದು ಬೇಕಿತ್ತು. ಆದರೆ ಬಿಜೆಪಿ ಇರುವ ಸರ್ಕಾರಗಳೇ ಮಹಿಳೆಯರಿಗೆ ತಿಂಗಳ ನಗದು ಕೊಡಲು ತಂದ ಮಧ್ಯಪ್ರದೇಶದ ಲಾಡ್ಲಿ ಬೆಹನಾ, ಮಹಾರಾಷ್ಟ್ರದಲ್ಲಿ ಚುನಾವಣೆಗೆ ಕೆಲವೇ ತಿಂಗಳ ಮೊದಲು ಬಂದ 1,500 ರೂಪಾಯಿಯ ಲಾಡ್ಕಿ ಬಹೀಣ್ ಯಾವ ಸಂಕಟಕ್ಕಾಗಿ? ಬೆಂಗಳೂರಿನಲ್ಲಿ ತಪ್ಪಾದದ್ದು ಮುಂಬೈಯಲ್ಲಿ ಸರಿಯಾಗುವುದಿಲ್ಲ.

ನಿಮ್ಮ ಸೊಸೆಯ ಎರಡು ಸಾವಿರ ನಿಲ್ಲಿಸಿ ಎಂದು ನಾವು ಬರೆದಿಲ್ಲ, ಬರೆಯುವುದೂ ಇಲ್ಲ. ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರ ಮನೆಗೆ ಗೃಹಲಕ್ಷ್ಮಿ ಇಲ್ಲ ಎಂಬ ನಿಯಮ ಈಗಾಗಲೇ ಇದೆ. ಅದು ಒಳ್ಳೆಯ ನಿಯಮ. ಗೃಹಜ್ಯೋತಿಗೆ ಮಾತ್ರ ಅದಿಲ್ಲ. 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮೀರದಂತೆ, ಯಾರ ಮನೆಯಾದರೂ ಉಚಿತ. 48 ಯೂನಿಟ್ಟಿಗಿಂತ ಕಡಿಮೆ ಸರಾಸರಿಯವರಿಗೆ ಶೇ 10ರ ಬದಲು 10 ಯೂನಿಟ್ ಸೇರಿಸುತ್ತಾರೆ. ಈ ಲೆಕ್ಕದಲ್ಲಿ ಮೊದಲೇ ಹೆಚ್ಚು ಉರಿಸುತ್ತಿದ್ದವರಿಗೆ ಹೆಚ್ಚು ಉಚಿತ, ಒಂದೆರಡು ಬಲ್ಬಿನ ಮನೆಗೆ ಕಡಿಮೆ. ತೆರಿಗೆ ಕಟ್ಟುವವರ ಮನೆಗಳನ್ನು ಇಲ್ಲಿಂದಲೂ ಹೊರಗಿಡಿ. ಪ್ರತಿ ಯೋಜನೆಗೂ ಮೂರು ವರ್ಷದ ಅವಧಿ ಹಾಕಿ, ಮುಂದುವರಿಸಬೇಕಾದರೆ ಸದನದಲ್ಲಿ ಮತ ಪಡೆಯಿರಿ. ರಾಜಸ್ವ ಕೊರತೆ ಸೊನ್ನೆಗೆ ಬರುವವರೆಗೆ ಹೊಸ ನಗದು ಯೋಜನೆ ಬೇಡ. ನಮ್ಮ ಬೇಡಿಕೆ ಇಷ್ಟು.

ಬಜೆಟ್ ದಾಖಲೆಗಳು ಹಣಕಾಸು ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ಅಲ್ಲಿನ ಪಟ್ಟಿಯಲ್ಲಿ ಮುಂದಿನ ವರ್ಷದ ಅಂದಾಜು, ನಡೆಯುತ್ತಿರುವ ವರ್ಷದ ಪರಿಷ್ಕೃತ ಅಂದಾಜು, ಅದಕ್ಕೂ ಹಿಂದಿನ ವರ್ಷದ ನಿಜವಾದ ಲೆಕ್ಕ ಬೇರೆ ಬೇರೆ ಕಾಲಂಗಳಲ್ಲಿರುತ್ತವೆ. ಎಲ್ಲರೂ ಮೊದಲನೆಯದನ್ನು ಓದುತ್ತಾರೆ. ನೀವು ಲೆಕ್ಕದ ಕಾಲಂನಿಂದ ಆರಂಭಿಸಿ. ರಾಜಸ್ವ ಕೊರತೆಯ ಸಾಲಿನಲ್ಲಿ ಅಂದು ಹೇಳಿದ ಅಂಕಿ, ಕೊನೆಗೆ ಆದ ಅಂಕಿ ಎರಡನ್ನೂ ಬರೆದುಕೊಳ್ಳಿ. ಬಂಡವಾಳ ವೆಚ್ಚದ ಸಾಲಿಗೂ ಹಾಗೆಯೇ ಮಾಡಿ. ಮೊದಲನೆಯದು ಹಿಗ್ಗಿ ಎರಡನೆಯದು ಕುಗ್ಗಿದ್ದರೆ, ಆ ಹಾಳೆಯನ್ನು ನಿಮ್ಮ ಶಾಸಕರ ಕೈಗೆ ಕೊಟ್ಟು, ನಮ್ಮ ತಾಲ್ಲೂಕಿನಲ್ಲಿ ನಿಂತ ಕೆಲಸ ಯಾವುದು ಎಂದು ಕೇಳಿ.

– ಸಂಪಾದಕ