ರೀಮೇಕು, ರೀಬೂಟುಗಳು ಮೂಲ ಸಿನಿಮಾಕ್ಕೆ ಸಾಟಿಯಾಗುತ್ತವಾ?

ಹಳೇ ಸಿನಿಮಾವನ್ನು ಮತ್ತೆ ಮಾಡಿದರೆ ಅದು ಮೂಲದ ಮಟ್ಟಕ್ಕೆ ಬರುತ್ತಾ ಅಂತ ಕೇಳಿದ್ದೀರಿ. ಎಲ್ಲ ಸಿನಿಮಾಗಳ ಬಗ್ಗೆ ತೀರ್ಪು ಕೊಡುವಷ್ಟು ನಾನು ನೋಡಿಲ್ಲ. ಆದರೆ ಹಳೇ ಮನೆಗೆ ಬಂದ ಹೆಂಡತಿಯೊಬ್ಬಳು ತಾನೇ ಸತ್ತುಹೋದ ನರ್ತಕಿ ನಾಗವಲ್ಲಿ ಅಂದುಕೊಳ್ಳುವ ಕತೆಯನ್ನು ಮಾತ್ರ ನಾಲ್ಕು ಭಾಷೆಯಲ್ಲಿ, ಲೆಕ್ಕ ಇಡದಷ್ಟು ಸಲ ನೋಡಿದ್ದೇನೆ. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಬಹಳ ವರ್ಷ ಮೂಲ ಅಂದರೆ ಕನ್ನಡದ 'ಆಪ್ತಮಿತ್ರ'ನೇ ಆಗಿತ್ತು. 2004ರಲ್ಲಿ ನಾನು ಏಳನೇ ಕ್ಲಾಸು. ಅದರಲ್ಲಿ ನಾಗವಲ್ಲಿಯಾದ ಸೌಂದರ್ಯ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು, ಸಿನಿಮಾ ಬಂದಿದ್ದು ಆಗಸ್ಟ್‌ನಲ್ಲಿ. ಥಿಯೇಟರಿನಲ್ಲಿ ಕೂತ ಎಲ್ಲರಿಗೂ ಅದು ಗೊತ್ತಿತ್ತು. 'ರಾ ರಾ' ಹಾಡು ಶುರುವಾದಾಗ ಪಕ್ಕದಲ್ಲಿದ್ದ ನಮ್ಮ ಸೋದರತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹೆದರಿಕೆಗೋ, ಸೌಂದರ್ಯಗೋಸ್ಕರವೋ, ನಾನು ಕೇಳಲಿಲ್ಲ.

ಆಮೇಲೆ ಹಾಸ್ಟೆಲ್‌ನಲ್ಲಿ ಒಬ್ಬ ಮಲಯಾಳಿ ರೂಮ್‌ಮೇಟ್ ಸಿಕ್ಕಿದ. ಅವನ ಮುಂದೆ 'ಆಪ್ತಮಿತ್ರ'ದ ಹೆಸರೆತ್ತಿದರೆ ಜಗಳವೇ. ಕೊನೆಗೆ ಒಂದು ರಾತ್ರಿ ನನ್ನನ್ನು ಕೂರಿಸಿ 'ಮಣಿಚಿತ್ರತ್ತಾಳ್' ತೋರಿಸಿದ. ಈ ಕತೆಯ ನಿಜವಾದ ಮೂಲ ಅದೇ, ಮಲಯಾಳಂನದ್ದು. 1993ರದ್ದು, ಫಾಝಿಲ್ ನಿರ್ದೇಶನ, ಮಧು ಮುಟ್ಟಂ ಬರೆದ ಕತೆ. ಶೋಭನಾಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಸಿನಿಮಾ.

ಅರ್ಧ ಗಂಟೆ ಆದ ಮೇಲೂ ನಾನು ಹೀರೋ ಎಲ್ಲಿ ಅಂತ ಕಾಯುತ್ತಿದ್ದೆ. ಅಷ್ಟು ದೊಡ್ಡ ಸ್ಟಾರ್ ಮೋಹನ್‌ಲಾಲ್, ಆದರೆ ತೀರಾ ತಡವಾಗಿ ಬರುತ್ತಾರೆ. ಅಷ್ಟರೊಳಗೆ ಆ ಹಳೇ ಮನೆ, ಬೀಗ ಹಾಕಿದ ಕೋಣೆ, ಗಂಡ ಹೆಂಡತಿ, ಮನೆ ತುಂಬ ನೆಂಟರು ಎಲ್ಲ ನಮಗೆ ಪರಿಚಯ ಆಗಿಬಿಟ್ಟಿರುತ್ತಾರೆ. ನಮ್ಮಲ್ಲಿ ಹಾಗೆ ಮಾಡೋಕೆ ಆಗುತ್ತಿತ್ತಾ? ಸಾಹಸಸಿಂಹ ಅಂತ ಕರೆಸಿಕೊಂಡ ವಿಷ್ಣುವರ್ಧನ್ ಅಷ್ಟು ಹೊತ್ತು ಕಾಯಿಸಿದ್ದರೆ ಜನ ಸುಮ್ನೆ ಬಿಡ್ತಿದ್ರಾ? ಹಾಗಾಗಿ ಕನ್ನಡದಲ್ಲಿ ಹೀರೋ ಆದ ಮನೋವೈದ್ಯ ಡಾಕ್ಟರಿಗೆ ಜಾಗ ಜಾಸ್ತಿ, ಮನೆಗೆ ಕಮ್ಮಿ. ಇದು ನಷ್ಟವೇ. ಆದರೆ 'ಹೌಲಾ ಹೌಲಾ' ಅಂತ ರಾಜನ ವೇಷದಲ್ಲಿ ವಿಷ್ಣು ಮಾಡಿದ್ದು ಮಾತ್ರ ಅವರೊಬ್ಬರೇ ಮಾಡಬಹುದಾದದ್ದು. ಆ ಸೊಗಸಿಗಾಗಿ ನಷ್ಟವನ್ನು ನಾನು ಅರ್ಧ ಮನ್ನಾ ಮಾಡಿದ್ದೇನೆ.

ಈಗ ಮಂಚದ ದೃಶ್ಯಕ್ಕೆ ಬನ್ನಿ. ಹೊರಗೆ ಹೊರಟ ಹೆಂಡತಿಗೆ ಗಂಡ ಈಗ ಬೇಡ ಅನ್ನುತ್ತಾನೆ. ಅಷ್ಟೇ. ಅವಳ ಕಣ್ಣು ಬದಲಾಗುತ್ತದೆ, ದನಿ ದಪ್ಪವಾಗುತ್ತದೆ, ಒಂದೇ ಕೈಯಲ್ಲಿ ಮಂಚ ಎತ್ತುತ್ತಾಳೆ. ಎಲ್ಲರೂ ನೆನಪಿಟ್ಟುಕೊಳ್ಳೋದು ಮಂಚವನ್ನು. ನನಗೆ ಮೈ ಜುಂ ಅನ್ನಿಸಿದ್ದು ಭಾಷೆ. ಮಲಯಾಳಂ ಮಾತಾಡುತ್ತಿದ್ದ ಗಂಗಾ ಇದ್ದಕ್ಕಿದ್ದಂತೆ ತಮಿಳಿಗೆ ಹೊರಳುತ್ತಾಳೆ. ಯಾಕೆಂದರೆ ಅವಳು ತನ್ನೊಳಗೆ ತುಂಬಿಕೊಂಡ ನಾಗವಲ್ಲಿ ತಂಜಾವೂರಿನ ನರ್ತಕಿ. ನಿಮ್ಮ ಮನೆಯವರೇ ನಿಮ್ಮೆದುರು ನಿಂತು ಪಕ್ಕದ ರಾಜ್ಯದ ಭಾಷೆಯಲ್ಲಿ ಬೈದರೆ ಹೇಗಿರುತ್ತೆ ಯೋಚಿಸಿ. ಆ ಭಾಷೆ ಪೂರ್ತಿ ಅರ್ಥವಾಗದೆಯೂ ಇರಬಾರದು, ನಮ್ಮದೂ ಆಗಿರಬಾರದು.

'ಆಪ್ತಮಿತ್ರ' ಮಾಡಿದ ಪಿ. ವಾಸು ಇದನ್ನು ಸರಿಯಾಗಿ ಹಿಡಿದರು. ಮೂಲದಲ್ಲಿ ತಮಿಳಿದೆ ಅಂತ ಇಲ್ಲೂ ಅದನ್ನೇ ಇಡಲಿಲ್ಲ. ನಾಗವಲ್ಲಿಗೆ ತೆಲುಗು ಕೊಟ್ಟರು. 2005ರಲ್ಲಿ ಅವರೇ ತಮಿಳಿನಲ್ಲಿ 'ಚಂದ್ರಮುಖಿ' ಮಾಡಿದಾಗಲೂ ನರ್ತಕಿಯ ಭಾಷೆ ತೆಲುಗೇ. 2007ರಲ್ಲಿ ಪ್ರಿಯದರ್ಶನ್ ಹಿಂದಿಯ 'ಭೂಲ್ ಭುಲಯ್ಯಾ'ಗೆ ಬಂದಾಗ ಅವಳು ಬಂಗಾಳಿ ಮಂಜುಲಿಕಾ ಆದಳು. ಹೆಸರು, ಊರು, ಹಾಡು ಏನು ಬದಲಾದರೂ ಬೀಗದ ಕೀಲಿ ಒಂದೇ. ನನ್ನ ಪ್ರಕಾರ ಇವು ಮೂಲದ ಹತ್ತಿರ ಬಂದಿದ್ದು ಇದರಿಂದ.

(ನಡುವೆ ಒಂದು ವಿಷಯ. ಮಲಯಾಳಂನಲ್ಲಿ ನಾಗವಲ್ಲಿಯ ಪ್ರಿಯಕರ ರಾಮನಾಥನ್ ಆಗಿ ಕುಣಿಯೋದು ನಮ್ಮ ಕನ್ನಡದ ನಟ, ನರ್ತಕ ಶ್ರೀಧರ್! ಕನ್ನಡದಲ್ಲೂ ಅವರೇ. ಇದನ್ನು ಹೇಳಿದ ದಿನ ರೂಮ್‌ಮೇಟ್ ಮೊದಲ ಸಲ ಬಾಯಿ ಮುಚ್ಚಿದ.)

ರೀಬೂಟ್ ಅಂತ ನೀವು ಕೇಳಿದ್ದಕ್ಕೆ ಉತ್ತರ 2022ರ 'ಭೂಲ್ ಭುಲಯ್ಯಾ 2'ರಲ್ಲಿದೆ. ಹೊಸ ಕತೆ, ಹೊಸ ಹೀರೋ, ಹಳೇ ಹೆಸರು, ಹಳೇ ಹಾಡು, ಹಳೇ ಮಂಜುಲಿಕಾ. ದುಡ್ಡು ಚೆನ್ನಾಗಿಯೇ ಮಾಡಿತು. ತಬು ನಟನೆ ಬಗ್ಗೆ ಎರಡು ಮಾತಿಲ್ಲ. ಆದರೆ ಅದರಲ್ಲಿ ದೆವ್ವ ನಿಜವಾಗಿಯೂ ಇದೆ! ಮೂಲ ಕತೆಯ ಜೀವವೇ ದೆವ್ವ ಇಲ್ಲ ಅನ್ನೋದು. ಗಂಗಾಳ ಅಪ್ಪ ಅಮ್ಮ ಕಲ್ಕತ್ತಾಕ್ಕೆ ಹೋಗಿ, ಅವಳನ್ನು ಅಜ್ಜಿ ಹತ್ತಿರ ಬಿಟ್ಟಿರುತ್ತಾರೆ. ಅಜ್ಜಿ ಹೇಳಿದ ಕತೆಗಳಲ್ಲೇ ಬೆಳೆದ ಮಗು. ಪರೀಕ್ಷೆಯ ದಿನ ಬಂದು ಕರೆದುಕೊಂಡು ಹೋಗುತ್ತೇವೆ ಅಂದಾಗ ಅವಳ ಮನಸ್ಸು ಮೊದಲ ಸಲ ಕೈಕೊಡುತ್ತದೆ. ಮನೆಯವರೆಲ್ಲ ಮಂತ್ರವಾದಿ ಕಡೆ ನೋಡುತ್ತಿರುವಾಗ ಡಾಕ್ಟರು ಮಾತ್ರ ಆ ಮಗುವನ್ನು ನೋಡುತ್ತಾನೆ. ಇದನ್ನು ತೆಗೆದುಹಾಕಿ ಬೀಗ ಹಾಕಿದ ಕೋಣೆ, ಗೆಜ್ಜೆ ಸದ್ದು ಮಾತ್ರ ಉಳಿಸಿಕೊಂಡರೆ ಅದು ಬೇರೆಯದೇ ಸಿನಿಮಾ. ಕೆಟ್ಟದ್ದು ಅಂತಲ್ಲ, ನಾನೂ ನಕ್ಕಿದ್ದೇನೆ. ಆದರೆ ಮೂಲದ ಜೊತೆ ತೂಗೋಕೆ ತಕ್ಕಡಿಗೇ ಬರೋದಿಲ್ಲ.

ಹಾಗಾದರೆ ಯಾವುದು ಮೇಲು? ಸಿನಿಮಾವಾಗಿ 'ಮಣಿಚಿತ್ರತ್ತಾಳ್'. ಇದನ್ನು ಒಪ್ಪಿಕೊಳ್ಳೋಕೆ ನನಗೆ ಎಷ್ಟೋ ವರ್ಷ ಬೇಕಾಯಿತು. ನಾವು ಮೊದಲು ನೋಡಿದ್ದೇ ನಮಗೆ ಮೂಲ ಆಗಿಬಿಡುತ್ತೆ ಅಲ್ವಾ? ಕನ್ನಡಕ್ಕೆ ಡಬ್ಬಿಂಗ್ ಬಿಡದ ಆ ದಶಕಗಳಲ್ಲಿ ಬೇರೆ ಭಾಷೆಯ ಕತೆಗಳು ನಮಗೆ ಸಿಗುತ್ತಿದ್ದದ್ದೇ ರೀಮೇಕಿನಲ್ಲಿ. ನನ್ನ ವಯಸ್ಸಿನವರಲ್ಲಿ ಬಹಳ ಜನ ಹೀಗೇ ಉಲ್ಟಾ ದಾರಿಯಲ್ಲಿ ಮೂಲಕ್ಕೆ ಹೋದವರು.

2024ರಲ್ಲಿ 'ಮಣಿಚಿತ್ರತ್ತಾಳ್' 4ಕೆ ಆಗಿ ಮತ್ತೆ ಥಿಯೇಟರಿಗೆ ಬಂತು. ಅದೇ ರೂಮ್‌ಮೇಟ್ ಜೊತೆ ಹೋಗಿ ನೋಡಿದೆ. ಮಂಚದ ದೃಶ್ಯ ಬಂತು. ಶೋಭನಾ ಕಣ್ಣು ದೊಡ್ಡದಾಯಿತು. ತಮಿಳು ಬರುತ್ತೆ ಅಂತ ಗೊತ್ತಿದ್ದರೂ ನನ್ನ ಕಿವಿ ಮಾತ್ರ ತೆಲುಗಿಗೇ ಕಾಯುತ್ತಿತ್ತು.