ಸೊಟ್ಟ ಗೋಡೆ ಮತ್ತು ಮುಯ್ಯಾಳು

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಸ್ವಲ್ಪ ಸಿಟ್ಟಿನಲ್ಲೇ ಕೇಳಿದ್ದಾರೆ: ಕಂಪನಿ ಟೀ ಶರ್ಟ್ ಹಾಕಿಕೊಂಡು ಶನಿವಾರ ಬಡವರ ಮನೆ ಕಟ್ಟಲು ಹೋಗುವವರು ಬರೀ ಫೋಟೋಗೆ ಹೋಗುವುದಲ್ವಾ? ಅದಕ್ಕೆ ಖರ್ಚು ಮಾಡುವ ದುಡ್ಡನ್ನು ಮೇಸ್ತ್ರಿಗೆ ಕೊಟ್ಟರೆ ಮನೆ ಬೇಗ ಮುಗಿಯುವುದಿಲ್ಲವಾ?

ಮುಗಿಯುತ್ತದೆ ಸ್ವಾಮಿ, ಅದರಲ್ಲಿ ಎರಡು ಮಾತಿಲ್ಲ. ನಾನೂ ಒಮ್ಮೆ ಹೋಗಿದ್ದೆ. ಮಧ್ಯಾಹ್ನದವರೆಗೆ ಒದ್ದಾಡಿ ಐದು ಸಾಲು ಇಟ್ಟಿಗೆ ಕಟ್ಟಿದೆ. ಊಟ ಮಾಡಿ ಬಂದು ನೋಡಿದರೆ ಮೇಸ್ತ್ರಿ ಅಷ್ಟನ್ನೂ ಕಿತ್ತು, ದಾರಕ್ಕೆ ಕಟ್ಟಿದ ಗುಂಡು ಬಿಟ್ಟು ನೆಟ್ಟಗಿದೆಯಾ ನೋಡಿ, ಮತ್ತೆ ಕಟ್ಟುತ್ತಿದ್ದರು. ಏನೂ ಅನ್ನಲಿಲ್ಲ, ಪುಣ್ಯಾತ್ಮ. ಸುಮ್ನೆ ನನ್ನ ಕೈಗೆ ಬಾಂಡ್ಲಿ ಕೊಟ್ಟರು.

ಫೋಟೋಗೆ ಬಂದವರು ಎರಡನೇ ಸಲ ಬರುವುದಿಲ್ಲ ಬಿಡಿ. ಮತ್ತೆ ಮತ್ತೆ ಬರುವವರದೇ ಸೋಜಿಗ. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ 1984ರಲ್ಲಿ ನ್ಯೂಯಾರ್ಕಿನ ಹಾಳುಬಿದ್ದ ಆರಂತಸ್ತಿನ ಕಟ್ಟಡವೊಂದನ್ನು 19 ಕುಟುಂಬಗಳಿಗಾಗಿ ರಿಪೇರಿ ಮಾಡಲು ಬಸ್ಸಿನಲ್ಲಿ ಹೋದರು, ಆಮೇಲೆ ಮೂವತ್ತೈದು ವರ್ಷ ಸುತ್ತಿಗೆ ಕೆಳಗಿಡಲಿಲ್ಲ. 2006ರಲ್ಲಿ ನಮ್ಮ ಲೋಣಾವಳದ ಹತ್ತಿರವೂ ಬಂದಿದ್ದರು. 2019ರಲ್ಲಿ, 95 ತುಂಬಿದ ವಾರವೇ, ಮನೆಯಲ್ಲಿ ಬಿದ್ದು ಹುಬ್ಬಿನ ಮೇಲೆ 14 ಹೊಲಿಗೆ ಬಿತ್ತು. ಮರುದಿನ ಕಣ್ಣು ಕಪ್ಪಗಾಗಿಸಿಕೊಂಡೇ ನ್ಯಾಶ್‌ವಿಲ್‌ನಲ್ಲಿ ಕೆಲಸಕ್ಕೆ ಹಾಜರು!

ಅವರು ದುಡಿದಿದ್ದು ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಜೊತೆ, 1976ರಲ್ಲಿ ಶುರುವಾದ ಸಂಸ್ಥೆ. ಅಲ್ಲಿ ಮನೆ ಪುಕ್ಕಟೆಯಲ್ಲ. ಪಡೆಯುವವರು ಸಾಲದ ಕಂತು ಕಟ್ಟಬೇಕು, ಮೈಮುರಿದು ದುಡಿಯಲೂಬೇಕು, ತಮ್ಮ ಮನೆಗೆ ಮಾತ್ರವಲ್ಲ, ಎಷ್ಟೋ ಸಲ ಪಕ್ಕದವರ ಮನೆಗೂ.

ಇದು ನಿಮಗೆ ಗೊತ್ತಿರುವುದೇ ಅಲ್ವಾ? ನಿಮ್ಮ ಕಡೆ ಮಳೆ ಹಿಡಿಯುವ ಮುಂಚೆ ಮಾಡಿಗೆ ಸೋಗೆ ಹೊದಿಸಲು ಅಕ್ಕಪಕ್ಕದವರು ಬರುತ್ತಿದ್ದರಲ್ಲ, ಮುಯ್ಯಾಳು. ಇವತ್ತು ನಿಮ್ಮ ಮಾಡು, ನಾಳೆ ನಮ್ಮದು. ಅಲ್ಲಿ ಉಪಕಾರ ಅನ್ನುವ ಮಾತೇ ಬರುತ್ತಿರಲಿಲ್ಲ. ಊರು ಬಿಟ್ಟು ಅಪಾರ್ಟ್‌ಮೆಂಟ್ ಸೇರಿದವನಿಗೆ ಯಾರೂ ಮುಯ್ಯಿಗೆ ಕರೆಯುವುದಿಲ್ಲ. ಕರೆಸಿಕೊಳ್ಳುವ ಆಸೆ ಮಾತ್ರ ಹೋಗಿರುವುದಿಲ್ಲ. ಅದಕ್ಕೇ ಹೋಗುತ್ತಾರೆ ಅಂತ ನನ್ನ ಅನಿಸಿಕೆ. ದುಡ್ಡು ಕಳಿಸಿದರೆ ಮನೆ ಏಳುತ್ತದೆ, ಆದರೆ ಯಾರ ಜೊತೆಗೂ ಸಾಲಿನಲ್ಲಿ ನಿಂತು ಇಟ್ಟಿಗೆ ದಾಟಿಸಿದ ಹಾಗಾಗುವುದಿಲ್ಲ.

ಅವತ್ತು ನನಗೆ ಇಟ್ಟಿಗೆ ದಾಟಿಸುತ್ತಿದ್ದವರು ಆ ಮನೆಯ ಯಜಮಾನಿಯೇ. ಸಂಜೆ ಕೈಕಾಲು ತೊಳೆಯುವಾಗ ಕೇಳಿದರು, "ನಿಮ್ಮನೆ ಯಾವಾಗ ಕಟ್ತೀರಾ ಅಣ್ಣಾ? ಹೇಳಿ ಕಳಿಸಿ, ನಾವೂ ಬರ್ತೀವಿ."

ನಾನಿನ್ನೂ ಬಾಡಿಗೆ ಮನೆಯಲ್ಲೇ ಇದ್ದೇನೆ. ಹೇಳಲು ನಾಚಿಕೆಯಾಗಿ, ಆಗಲಮ್ಮ ಅಂದೆ.